ಗರುಗವೆಂದು ಬೆಳೆಸಿದ ಹಳದಿ ಹೂ

ಗೆಳೆಯರೇ, ಇವತ್ತು ಬೆಳಿಗ್ಗೆ ಸಂಜಯನಗರದ ನಮ್ಮ ಮನೆಯ ತಾರಸಿಯಲ್ಲಿ ನಡೆದದ್ದಕ್ಕೆ ನಾನಿನ್ನೂ ನಗುತ್ತಲೇ ಇದ್ದೇನೆ.

ಯಜಮಾನರ ಬೋಳಾಗುತ್ತಿರುವ ತಲೆಗೆ ಎಣ್ಣೆ ಕಾಯಿಸಲೆಂದು ಆರು ತಿಂಗಳಿಂದ ಕುಂಡದಲ್ಲಿ ಗರುಗದ ಸೊಪ್ಪು ಬೆಳೆಸುತ್ತಿದ್ದೆ. ಇವತ್ತು ಮೊದಲ ಹೂ ಬಿಟ್ಟಿತು. ಪುಟ್ಟ ಸೂರ್ಯಕಾಂತಿಯಂತೆ ಅಚ್ಚ ಹಳದಿ! ಸಂಭ್ರಮ ತಡೆಯದೆ, ಸೊಪ್ಪು ಮಾರಲು ಬಂದಿದ್ದ ಅಟ್ಟೂರಿನ ಜಯಮ್ಮನನ್ನು ಮೇಲೆ ಕರೆದು ತೋರಿಸಿದೆ.

"ಅಯ್ಯೋ ಅಕ್ಕಾ, ಗರುಗದ ಊವು ಬೆಳ್ಳಗಿರ್ತದೆ. ಇದು ಏರ್‌ಪೋರ್ಟ್ ರೋಡ್ ಮಧ್ಯದಾಗೆ ಅಂದಕ್ಕೆ ಆಕಿರ್ತಾರಲ್ಲ, ಆ ಬಳ್ಳಿ!"

ನಾನು ಒಪ್ಪಲಿಲ್ಲ. ಅವಳು ಎರಡು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿದಳು.

"ಗರುಗ ಆಗಿದ್ರೆ ಕೈ ಕಪ್ಪಾಗ್ಬೇಕು. ನೋಡಿ, ಬರೀ ಅಸಿರು."

ಅಷ್ಟರಲ್ಲಿ ಯಜಮಾನರು ಅದೇ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಮೆತ್ತಿದ ತಲೆಯಲ್ಲೇ ಮೇಲೆ ಬಂದರು. ವಿಷಯ ಕೇಳಿ ಅವರ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ.

"ಬಳ್ಳಿ ಯಾವುದಾದ್ರೂ ಆಗ್ಲಿ ಕಣಮ್ಮಾ, ನಂಗೆ ಕೂದ್ಲು ಬಂದಿದೆ" ಎಂದು ತಲೆ ಬಗ್ಗಿಸಿ ನಿಂತೇಬಿಟ್ಟರು.

ಜಯಮ್ಮ ಅವರನ್ನು ಬಿಸಿಲಿಗೆ ತಿರುಗಿಸಿ ನೆತ್ತಿಯನ್ನು ನೋಡಿಯೇ ನೋಡಿದಳು. "ಊಂ ಕಣಕ್ಕಾ, ನಾಕೈದು ಬಂದವೆ!"

ನಾನೂ ಬಗ್ಗಿ ನೋಡಿದೆ. ನಿಜಕ್ಕೂ ಇದ್ದವು! ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೊರಡುವಾಗ ಜಯಮ್ಮ ಆ ಬಳ್ಳಿಯ ನಾಲ್ಕು ತುಂಡು ಮುರಿದು ಸೆರಗಿನಲ್ಲಿ ಕಟ್ಟಿಕೊಂಡಳು. "ನಮ್ಮನೆಯವ್ರದ್ದೂ ಬೋಳು ಕಣಕ್ಕಾ" ಎಂದಳು.

ಇದನ್ನು ಓದಿ ದಯವಿಟ್ಟು ಯಾರೂ ಹೆಬ್ಬಾಳದ ಏರ್‌ಪೋರ್ಟ್ ರೋಡ್ ಡಿವೈಡರ್ ಹತ್ತಬೇಡಿ. ಅಲ್ಲಿ ಗಾಡಿಗಳು ಜಾಸ್ತಿ, ನಮ್ಮ ಕುಂಡದಲ್ಲಿ ಇನ್ನೂ ಬೇಕಾದಷ್ಟಿದೆ.