ಆರಾಮ ಅದೀನ್ರೀ

೧೯೮೮ರ ಆಗಸ್ಟ್ ೧೭, ಬೆಳಿಗ್ಗೆ ಹತ್ತೂಕಾಲು. ಸಿಂಧನೂರಿನ ಹೊರಗೆ, ಕಾಲುವೆ ಕಡೆ ಹೋಗುವ ದಾರಿಯಲ್ಲಿದ್ದ ಖಾಲಿ ನೆಲ್ಲಿನ ಗೋದಾಮೊಂದರ ಬೀಗ ತೆಗೆದರು. ಒಳಗೆ ಹೊಟ್ಟಿನ ವಾಸನೆ. ಮೂಲೆಯಲ್ಲಿ ಹರಿದ ಗೋಣಿಚೀಲಗಳ ರಾಶಿ, ಮೇಲೆ ತೊಲೆಯಲ್ಲಿ ತಕ್ಕಡಿ ತೂಗಹಾಕುವ ಕಬ್ಬಿಣದ ಕೊಂಡಿಗಳು. ಹನ್ನೊಂದೂವರೆಗೆ ಆ ಕೊಂಡಿಗೆ ಮೊದಲ ಸಲೈನ್ ಬಾಟಲಿ ತೂಗಿತು.

ಸುತ್ತಲಿನ ಹಳ್ಳಿಗಳಲ್ಲಿ ಉಲ್ಟಿ-ಜುಲಾಬು ಶುರುವಾಗಿ ವಾರ ದಾಟಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು, ಸಸಿ ಹಚ್ಚುವ ಕಾಲ, ಗದ್ದೆಯ ಕೂಲಿಯವರು ಕುಡಿಯುವುದೂ ಅದೇ ನೀರು. ಊರಿನ ದವಾಖಾನೆಗಳಲ್ಲಿ ಜಾಗವಿರಲಿಲ್ಲ. ಆದ್ದರಿಂದ ಈ ಗೋದಾಮು ಬರೀ ವಾಂತಿಭೇದಿಯವರಿಗೆಂದು. ಕಾಲೇಜಿಗೆ ರಜೆ ಕೊಟ್ಟಿದ್ದರು. ಅಕ್ಷರ ದುಂಡಗಿರುವ ಹುಡುಗರು ಬೇಕು ಎಂದು ಹೇಳಿಕಳಿಸಿದಾಗ ನಾನು ಹೋದೆ. ಬಿ.ಎ. ಎರಡನೆಯ ವರ್ಷದಲ್ಲಿದ್ದೆ.

ಎಂಟನೆಯ ತರಗತಿಯಿಂದ ದಿನಚರಿ ಬರೆಯುವ ಚಟ ನನಗೆ. ಬಸ್ಸು ಎಷ್ಟು ತಡ, ಕರೆಂಟು ಎಷ್ಟು ಸಲ ಹೋಯಿತು, ಮಳೆ ಯಾವ ಹೊತ್ತಿಗೆ ಬಂತು, ಎಲ್ಲಕ್ಕೂ ಗೀಟು ಹಾಕುತ್ತೇನೆ. ಬಳಗಾನೂರಿನ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಇದನ್ನು ನೋಡಿ ನಗುತ್ತಿದ್ದಳು: "ನೀ ಸತ್ರ ಯಮನ ಕಚೇರ್ಯಾಗ ನಿನಗ ಲೆಕ್ಕಾ ಬರಿಯೂ ಪಟವಾರಿ ನೌಕ್ರಿ ಪಕ್ಕಾ ನೋಡು." ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಈ ಚಿಗವ್ವನೇ. ನನಗೆ ಅವ್ವ ಎಂದರೆ ನೆನಪಾಗುವುದು ಅವಳ ಮುಖವೇ.

ಗೋದಾಮಿನ ಉಸ್ತುವಾರಿ ಒಬ್ಬ ಲೇಡಿ ಡಾಕ್ಟರದು, ನಮ್ಮ ಕಡೆ ಅವರಿಗೆ ಡಾಕ್ಟರ್ ಬಾಯಿ ಎನ್ನುತ್ತಾರೆ. ವಯಸ್ಸು ಮೂವತ್ತೂ ಆಗಿರಲಿಕ್ಕಿಲ್ಲ. ಮೈಸೂರು ಕಡೆಯವರು, ನಮ್ಮ ಸೀಮೆಗೆ ಬಂದು ಆರು ತಿಂಗಳಾಗಿತ್ತಂತೆ. ಮೊದಲ ದಿನ ಸಂತೆಯ ಹಾಗಿತ್ತು. ಬಾಯಿ ಜೋರಿದ್ದವರು ಬಾಟಲಿ ಹಾಕಿಸಿಕೊಂಡರು, ಬಾಗಿಲ ಬಳಿ ಸುಮ್ಮನೆ ಮಲಗಿದ್ದವರನ್ನು ಜನ ದಾಟಿಕೊಂಡು ಓಡಾಡಿದರು. ಡಾಕ್ಟರ್ ಬಾಯಿ ಸಂಜೆ ಒಂದು ಚೀಲದ ಮೇಲೆ ಕೂತು, ಬಂದವರನ್ನು ಬಾಗಿಲಲ್ಲೇ ಹೇಗೆ ಬೇರೆ ಮಾಡುವುದೆಂದು ಬರೆದುಕೊಂಡರು. ಮರುದಿನ ಬಾಗಿಲಿಗೆ ಹಗ್ಗ ಬಂತು, ಹಗ್ಗದ ಬಳಿ ಕಂಪೌಂಡರ್ ಬಂದ.

ವ್ಯವಸ್ಥೆ ಸರಳವಾಗಿತ್ತು. ಬಂದವರನ್ನು ಕಂಪೌಂಡರ್ ಕೇಳಬೇಕು, ಹೇಗಿದ್ದೀರಿ ಎಂದು. ಭಾಳ ಸುಸ್ತು ಎಂದವರಿಗೆ ಕೆಂಪು ಚೀಟಿ, ನೇರ ಒಳಗೆ ಬಾಟಲಿಗೆ. ನಡೆಯಬಲ್ಲೆ, ಮಾತಾಡಬಲ್ಲೆ ಎಂದವರಿಗೆ ಬಿಳಿ ಚೀಟಿ. ಅವರು ಹೊರಗೆ ತಗಡಿನ ಚಪ್ಪರದಲ್ಲಿ ಕೂತು ಉಪ್ಪು-ಸಕ್ಕರೆ ನೀರು ಕುಡಿಯುತ್ತ ಪಾಳಿ ಕಾಯಬೇಕು. ಕೆಂಪಿನವರ ಹೆಸರು, ಊರು ನಾನು ಬರೆಯಬೇಕು. ಬಿಳಿಯವರಿಗೆ ಬರೀ ಗೀಟು.

ಇದರಿಂದ ಉಪಯೋಗವಾಯಿತು. ಬಾಗಿಲ ನೂಕಾಟ ನಿಂತಿತು. ಬಕೆಟ್ಟುಗಳನ್ನು ಹೊತ್ತುಹೊತ್ತಿಗೆ ಚೆಲ್ಲಿ ಬ್ಲೀಚಿಂಗ್ ಪುಡಿ ಹಾಕತೊಡಗಿದರು. ಕಾಯಿಸಿದ ನೀರಿಗೂ ತಣ್ಣೀರಿಗೂ ಬೇರೆ ಬೇರೆ ಹಂಡೆ ಬಂದವು. ಮೂರನೆಯ ದಿನ ದಿನಚರಿಯಲ್ಲಿ "ಇವತ್ತು ಯಾರೂ ಬಾಗಿಲಲ್ಲಿ ಬೀಳಲಿಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ಆದರೆ ಒಂದು ವಿಚಿತ್ರ ಇತ್ತು, ನಾವೆಲ್ಲ ಅದನ್ನು ನೋಡಿ ನಗುತ್ತಿದ್ದೆವು. ಕಂಪೌಂಡರ್ ನಮ್ಮ ಕಡೆಯವನೇ. "ಹ್ಯಾಂಗದೀರಿ?" ಎಂದು ಕೇಳುತ್ತಿದ್ದ. ಎದುರಿನವರು ಹಗ್ಗ ಹಿಡಿದುಕೊಂಡೇ, "ಆರಾಮ ಅದೀನ್ರೀ ಸಾಹೇಬ್ರ" ಎನ್ನುತ್ತಿದ್ದರು.

"ಆರಾಮ ಇದ್ರ ಇಲ್ಲಿಗ್ಯಾಕ ಬಂದಿಯೋ ಯಪ್ಪಾ? ಬೀಗರ ಮನಿ ಅನ್ಕೊಂಡಿಯೇನು?"

"ಹಂಗಲ್ರೀ. ಒಂದೀಟು ಹೊಟ್ಟಿ ಸರಿ ಇಲ್ಲ."

ಬಿಳಿ ಚೀಟಿ.

ಆಗಸ್ಟ್ ೨೨, ಶ್ರಾವಣ ಸೋಮವಾರ. ಬೆಳಿಗ್ಗೆ ಬಾಟಲಿಗಳ ದಾಸ್ತಾನು ತಳ ಕಂಡಿತ್ತು. ಡಾಕ್ಟರ್ ಬಾಯಿ ಒಂದು ಪತ್ರ ಕೊಟ್ಟು ನನ್ನನ್ನು ಜೀಪಿನಲ್ಲಿ ಲಿಂಗಸುಗೂರಿಗೆ ಕಳಿಸಿದರು. ಅಲ್ಲಿ ಕೇಳಿದ್ದರ ಅರ್ಧ ಸಿಕ್ಕಿತು. ಕೊಟ್ಟವರನ್ನು ಬೈಯಲು ಬಾಯಿ ಬರಲಿಲ್ಲ. ಅವರ ಬೆನ್ನ ಹಿಂದೆಯೂ ಜನ ಮಲಗಿದ್ದರು, ಅವರ ಕೊಂಡಿಗಳೂ ಖಾಲಿ ಇದ್ದವು. ಬರುವಾಗ ಮಸ್ಕಿಯಲ್ಲಿ ಒಬ್ಬ ಮುದುಕ ಜೀಪಿಗೆ ಅಡ್ಡ ನಿಂತ. ಬಂಡಿಯಲ್ಲಿ ಸೊಸೆಯನ್ನು ಮಲಗಿಸಿದ್ದ. "ಒಂದ ಬಾಟ್ಲಿ ಕೊಟ್ಟು ಹೋಗ್ರೋ ತಮ್ಮಾ," ಎಂದು ಕೈ ಮುಗಿದ. ಸೂಜಿ ಹಾಕುವವರಿಲ್ಲದೆ ಬಾಟಲಿ ತಗೊಂಡು ಏನು ಮಾಡುತ್ತಾನೆ? ಸೊಸೆಯನ್ನು ಜೀಪಿಗೆ ಹತ್ತಿಸಿಕೊಂಡೆವು, ಪೆಟ್ಟಿಗೆಗಳನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡೆ. ಮುದುಕನಿಗೆ ಜಾಗವಾಗಲಿಲ್ಲ. ಬಂಡಿಯ ಜೊತೆ ರಸ್ತೆಯಲ್ಲೇ ನಿಂತ.

ಗೋದಾಮು ತಲುಪಿದಾಗ ಮೂರೂವರೆ ದಾಟಿತ್ತು. ಮುದುಕನ ಸೊಸೆಯನ್ನು ನೇರ ಒಳಗೆ ಹೊತ್ತೊಯ್ದರು. ಚಪ್ಪರದ ಕಡೆಯಿಂದ ಗಲಾಟೆ ಕೇಳಿಸಿತು. ತಲೆಗೆ ಪಟಗ ಸುತ್ತಿದ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕಂಪೌಂಡರನ ಎದುರು ಕೈಯಾಡಿಸುತ್ತ ಕೂತಿದ್ದ. ಅವನ ಬಲಗಿವಿಯ ಹಾಲೆ ಸೀಳಿ ಎರಡಾಗಿತ್ತು. ಅವನ ಪಕ್ಕದಲ್ಲಿ ಕಂಬಕ್ಕೆ ಒರಗಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಬ್ಬ ಹೆಂಗಸು. ಕೈಯಲ್ಲಿ ಬಿಳಿ ಚೀಟಿ.

ಚಿಗವ್ವ.

"ಆಕಿನೇ ಆರಾಮ ಅದೀನಿ ಅಂದಾಳ," ಕಂಪೌಂಡರ್ ಹೇಳುತ್ತಿದ್ದ. "ನಡುವ ನಿಂದೇನೋ? ಆಕಿ ನಿನಗೇನಾಗಬೇಕು?"

"ಏನೂ ಆಗಬೇಕಿಲ್ರೀ. ನಾ ಸಾಲಗುಂದದಾಂವ, ಆಕಿ ಯಾರಂತ ನನಗೇನು ಗೊತ್ತು? ಮುಂಜಾನಿಂದ ಬಾಜೂಕ ಕುಂತೀನಿ. ಕುಡಿದ ನೀರು ಒಂದು ಗುಟುಕು ಒಳಗ ನಿಂತಿಲ್ಲ. ಈಗ ಕರದ್ರ ಕಣ್ಣು ತೆಗೀವಲ್ಲಳು."

"ಮತ್ತ ಆರಾಮ ಅಂದಾಳಲ್ಲೋ!"

"ಆರಾಮ ಅಂದ್ರ ಆರಾಮೇನ್ರೀ? ನಿಮ್ಮನ್ನ ಬೀಗರು ಹ್ಯಾಂಗದೀರಿ ಅಂತ ಕೇಳಿದ್ರ ಏನಂತೀರಿ? ಜುಲಾಬು ಹತ್ಯಾವು ಅಂತೀರೇನು?"

ಪಾಳಿಯಲ್ಲಿ ಕೂತವರು ನಕ್ಕರು. ಕಂಪೌಂಡರನಿಗೂ ನಗು ಬಂತು. "ಆತು ಬಿಡೋ ಮಾರಾಯಾ. ನೀ ಹ್ಯಾಂಗದಿ?"

"ನಾನ? ನಾ ಆರಾಮ ಅದೀನ್ರೀ," ಎಂದ ಅವನು. ಹೇಳುವಾಗ ಒಂದು ಕೈ ಹೊಟ್ಟೆಯ ಮೇಲಿತ್ತು.

ನಾನು ಚಿಗವ್ವನ ಮುಂದೆ ಕೂತೆ. ಎರಡು ಸಲ ಕರೆದ ಮೇಲೆ ಕಣ್ಣು ತೆಗೆದಳು. ಕಣ್ಣು ಗುಳಿ ಬಿದ್ದಿದ್ದವು. ದನಿ ಒಣಗಿದ ಎಲೆಯ ಹಾಗೆ.

"ಬಂದೇನಪಾ... ಉಂಡೀ?"

"ಯಾವಾಗ ಬಂದಿ ಚಿಗವ್ವಾ? ಕಾಕಾ ಎಲ್ಲಿ?"

"ಸಸಿ ಹಚ್ಚಾಕ ಹೋಗ್ಯಾನ. ನಾ ಆರಾಮ ಅದೀನಿ. ಪಾಳಿ ಬಂದಾಗ ನೋಡ್ತಾರ ತಗಾ. ನನ್ನ ಸಲುವಾಗಿ ನೀ ಯಾರ ಕಡಿನೂ ಮಾತು ಕೇಳಬ್ಯಾಡ."

ಆಮೇಲೆ ತಿಳಿಯಿತು. ಬಳಗಾನೂರಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಅನುಮಾನದಿಂದ ನೋಡಿದ್ದನಂತೆ, ಆ ದಿನಗಳಲ್ಲಿ ರೋಗಿಗಳನ್ನು ಬಸ್ಸಿಗೆ ಹತ್ತಿಸುತ್ತಿರಲಿಲ್ಲ. "ಆರಾಮ ಅದೀನಪಾ, ಮಗನ್ನ ನೋಡಾಕ ಹೊಂಟೀನಿ" ಎಂದು ಹೇಳಿ ನಿಂತುಕೊಂಡೇ ಬಂದಿದ್ದಳು. ಆ ಮಾತು ಅವಳನ್ನು ಬಸ್ಸಿಗೆ ಹತ್ತಿಸಿತು, ಹಗ್ಗದ ಬಳಿ ಹೊರಗೆ ಕೂರಿಸಿತು.

ಸಾಲಗುಂದದವನೂ ನಾನೂ ಸೇರಿ ಅವಳನ್ನು ಎತ್ತಿದೆವು. ಹಗುರ ಇದ್ದಳು. ಅವನು ಅವಳ ಕಾಲ ಕಡೆ ಹಿಡಿದು ಹಗ್ಗದವರೆಗೆ ಬಂದ. ಅಲ್ಲಿಂದ ಮುಂದೆ ಬಿಳಿ ಚೀಟಿಯವರಿಗೆ ಪ್ರವೇಶವಿಲ್ಲವೆಂದು ಅವನೇ ನಿಂತ. "ಹೋಗು ತಮ್ಮಾ, ಲಗೂ ಹೋಗು," ಎಂದ.

ಡಾಕ್ಟರ್ ಬಾಯಿ ಅವಳ ಕೈಯ ಮೇಲಿನ ಚರ್ಮ ಚಿವುಟಿ ಎತ್ತಿ ಬಿಟ್ಟರು. ಎತ್ತಿದ್ದು ಎತ್ತಿದ ಹಾಗೇ ನಿಂತಿತು, ಮೈಯ ನೀರು ಅಷ್ಟು ಬತ್ತಿತ್ತು. "ಇವರನ್ನ ಯಾರು ಹೊರಗೆ ಕೂರಿಸಿದ್ದು?" ಎಂದು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ನರ ಸಿಗಲಿಲ್ಲ. ಬಲಗೈ ನೋಡಿದರು, ಎಡಗೈ ನೋಡಿದರು, ಪಾದ ನೋಡಿದರು. ನಾನು ಬಾಟಲಿ ಎತ್ತಿ ಹಿಡಿದು ನಿಂತಿದ್ದೆ. ಕೊಂಡಿ ಪಕ್ಕದಲ್ಲೇ ಇತ್ತು, ತೂಗಹಾಕಬಹುದಿತ್ತು. ಆದರೆ ನನ್ನ ಕೈಗೆ ಇನ್ನೇನೂ ಕೆಲಸವಿರಲಿಲ್ಲ.

ಅವಳನ್ನು ಎಚ್ಚರವಾಗಿಡಲೆಂದೋ ಏನೋ, ಡಾಕ್ಟರ್ ಬಾಯಿ ಬಗ್ಗಿ ಜೋರಾಗಿ ಕೇಳಿದರು: "ಅಮ್ಮಾ, ಹೇಗಿದ್ದೀರಿ? ಅಮ್ಮಾ!"

ಚಿಗವ್ವ ತುಟಿ ಅಲುಗಿಸಿದಳು. "ಆರಾಮ ಅದೀನವ್ವಾ. ನೀ ಆರಾಮ?"

ಸೂಜಿ ಹಿಡಿದ ಕೈ ಹಾಗೇ ನಿಂತಿತು. ಡಾಕ್ಟರ್ ಬಾಯಿ ನನ್ನ ಮುಖ ನೋಡಿದರು.

"ನಿಮ್ಮ ಕಡೆ ಎಲ್ಲರೂ ಹೀಗೇ ಹೇಳ್ತಾರಾ?"

"ಹೌದ್ರೀ ಬಾಯಾರ. ಕೇಳಿದ್ರ ಹಂಗ ಹೇಳಬೇಕ್ರೀ."

"ಸಾಯೋ ಹೊತ್ತಲ್ಲೂ?"

ನಾನು ಬಾಟಲಿಯನ್ನು ಇನ್ನೊಂದಿಷ್ಟು ಮೇಲೆ ಎತ್ತಿ ಹಿಡಿದೆ.

ನರ ಪಾದದಲ್ಲಿ ಸಿಕ್ಕಿತು. ಬಾಟಲಿಯಲ್ಲಿ ಗುಳ್ಳೆ ಏಳುವುದನ್ನು ನೋಡಿ ಡಾಕ್ಟರ್ ಬಾಯಿ ನೇರ ಚಪ್ಪರಕ್ಕೆ ನಡೆದರು. ನಾನು ಚಿಗವ್ವನ ಬಳಿ ಕೂತಿದ್ದೆ, ಆದ್ದರಿಂದ ಹೊರಗಿನದನ್ನು ಕಣ್ಣಾರೆ ನೋಡಲಿಲ್ಲ. ಯಾರನ್ನೂ ಹೇಗಿದ್ದೀರಿ ಎಂದು ಕೇಳಲಿಲ್ಲವಂತೆ. ಒಬ್ಬೊಬ್ಬರ ಕೈ ಹಿಡಿದು ಚರ್ಮ ಚಿವುಟಿ ನೋಡಿದರಂತೆ. ನಾಲಿಗೆ ತೆಗೆಸಿದರು, ರೋಗಿ ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತೆಂದು ಜೊತೆಗೆ ಬಂದವರನ್ನು ಕೇಳಿದರು. ಬಿಳಿ ಚೀಟಿಯವರು ಒಬ್ಬರ ಹಿಂದೆ ಒಬ್ಬರು ಒಳಗೆ ಬರತೊಡಗಿದರು. ಕೆಲವರನ್ನು ಹೊತ್ತು ತಂದರು. ಲಿಂಗಸುಗೂರಿನಿಂದ ತಂದ ಪೆಟ್ಟಿಗೆಗಳನ್ನು ಒಂದೊಂದಾಗಿ ಒಡೆದರು. ಐದು ದಿನ ತಪ್ಪು ಪ್ರಶ್ನೆ ಕೇಳಿದ್ದಕ್ಕೆ ಬಾಟಲಿ ಸಾಕಾಗಿದ್ದವು. ಸರಿಯಾಗಿ ನೋಡಿದ ದಿನವೇ ಮುಗಿದವು. ಆಮೇಲೆ ಬಂದವರಿಗೆ ಚಮಚದಲ್ಲಿ ನೀರು ಕುಡಿಸುತ್ತ ಕೂತೆವು, ಕುಡಿಸಿದ್ದು ಹೊರಗೆ ಬರುತ್ತಿತ್ತು, ಮತ್ತೆ ಕುಡಿಸುತ್ತಿದ್ದೆವು. ಮಸ್ಕಿಯ ಆ ಸೊಸೆ ಉಳಿಯಲಿಲ್ಲ. ಅವಳ ಮಾವ ಬಂಡಿಯಲ್ಲಿ ಬಂದು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಆ ವಾರ ಗೋದಾಮಿನಲ್ಲಿ ತೀರಿಕೊಂಡವರ ಲೆಕ್ಕ ನನ್ನ ಬಳಿ ಇದೆ, ಇಲ್ಲಿ ಬರೆಯುವ ಮನಸ್ಸಿಲ್ಲ.

ಐದು ಗಂಟೆಗೆ ಚಪ್ಪರಕ್ಕೆ ಹೋದೆ. ಸಾಲಗುಂದದವನು ಇರಲಿಲ್ಲ. ಕಂಬದ ಬುಡದಲ್ಲಿ ಅವನ ಬಿಳಿ ಚೀಟಿ, ಹಾರಿಹೋಗದಂತೆ ಅದರ ಮೇಲೆ ಅರ್ಧ ಕುಡಿದ ನೀರಿನ ಲೋಟ. ಡಾಕ್ಟರ್ ಬಾಯಿ ಬರುವ ಮುಂಚೆಯೇ ಎದ್ದು ಹೋಗಿದ್ದನಂತೆ. ಬಸ್ ಸ್ಟ್ಯಾಂಡಿನ ಕಡೆ ಹೋದ ಎಂದು ಒಬ್ಬರೆಂದರು. ಕಾಲುವೆಯ ಕಡೆ, ಹೊಟ್ಟೆ ಹಿಡಿದುಕೊಂಡು ಹೋದ ಎಂದು ಇನ್ನೊಬ್ಬರು. ಕಾಲುವೆಯ ದಂಡೆಗುಂಟ ಹೊತ್ತು ಮುಳುಗುವ ತನಕ ನಡೆದೆ. ಯಾರೂ ಕಾಣಲಿಲ್ಲ. ಬಿಳಿ ಚೀಟಿಯವರ ಹೆಸರು ಬರೆಯುವ ಪದ್ಧತಿ ಇರಲಿಲ್ಲವಲ್ಲ, ಆ ದಿನದ ಗೀಟುಗಳಲ್ಲಿ ಅವನೂ ಒಂದು ಗೀಟು. ಯಾವುದು ಅಂತಲೂ ಹೇಳಲಾರೆ.

ಚಿಗವ್ವ ಉಳಿದಳು. ಮೂರನೆಯ ದಿನ ಗಂಜಿ ಕುಡಿದು ಕೇಳಿದ ಮೊದಲ ಮಾತು: "ಆ ಸಾಲಗುಂದದಾಂವ ಹ್ಯಾಂಗದಾನ?"

"ಆರಾಮ ಅದಾನ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನನ್ನ ಮುಂದ ಅದನ್ನ ಹೇಳಬ್ಯಾಡ," ಎಂದಳು.

ಗೋದಾಮು ಸೆಪ್ಟೆಂಬರಿನಲ್ಲಿ ಮುಚ್ಚಿತು. ಆ ತಿಂಗಳೇ ಸಾಲಗುಂದಕ್ಕೆ ಹೋದೆ. ಕಿವಿ ಹರಿದವನು ಎಂದು ಕೇಳಿದರೆ ಕಟ್ಟೆಯ ಮೇಲಿದ್ದವರು, "ಕಿವಿ ಹರಿದಾವ್ರು ನಮ್ಮೂರಾಗ ಮೂರು ಮಂದಿ ಅದಾರ, ನಿನಗ ಯಾವ ಕಿವಿ ಬೇಕು?" ಎಂದು ನಕ್ಕರು. ಮೂವರನ್ನೂ ತೋರಿಸಿದರು. ಅವನಲ್ಲ. ಸಸಿ ಹಚ್ಚಲು ಬಂದು ಅಲ್ಲಿ ತಂಗಿದ್ದ ಪರವೂರ ಕೂಲಿಯವನಿರಬೇಕು ಎಂದು ಒಬ್ಬರು ಹೇಳಿದರು. ಮಗಳನ್ನು ಮಸ್ಕಿಗೆ ಕೊಟ್ಟಿದ್ದೇನೆ ಎಂದು ಚಪ್ಪರದಲ್ಲಿ ಹೇಳಿದ್ದನೆಂದು ಚಿಗವ್ವನಿಗೆ ನೆನಪು. ಮಸ್ಕಿಗೂ ಎರಡು ಸಲ ಹೋಗಿಬಂದೆ. ಹೆಸರಿಲ್ಲದೆ ಯಾರ ಮನೆಯ ಬಾಗಿಲು ಬಡಿಯುವುದು? ದಢೇಸುಗೂರಿನ ಗದ್ದೆಗಳಲ್ಲೂ ಕೇಳಿದೆ. ಅಲ್ಲಿ ನಾಟಿ ಮುಗಿದು ಕೂಲಿಯವರು ಚದುರಿದ್ದರು.

ಈಗ ಐದು ವರ್ಷ. ನಮ್ಮ ಕಡೆಯ ದವಾಖಾನೆಗಳಿಗೆ ಹೋದಾಗ ಗಮನಿಸುತ್ತೇನೆ, ಹೊಸ ಡಾಕ್ಟರುಗಳು ಇವತ್ತಿಗೂ ಹೇಗಿದ್ದೀರಿ ಎಂದೇ ಕೇಳುತ್ತಾರೆ, ನಮ್ಮ ಜನ ಅದೇ ಉತ್ತರ ಕೊಡುತ್ತಾರೆ. ಚಿಗವ್ವ ಪ್ರತಿ ಶ್ರಾವಣದಲ್ಲೂ ಆ ಮನುಷ್ಯನ ಸುದ್ದಿ ಕೇಳುತ್ತಾಳೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಲಗಿವಿಯ ಹಾಲೆ ಸೀಳಿದ, ಆಗ ಐವತ್ತರ ಆಸುಪಾಸಿನ, ಮಸ್ಕಿಗೆ ಮಗಳನ್ನು ಕೊಟ್ಟಿದ್ದ, ಆ ಶ್ರಾವಣದಲ್ಲಿ ಸಾಲಗುಂದದಲ್ಲಿದ್ದ ಒಬ್ಬನನ್ನು ಬಲ್ಲವರು ಯಾರಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಆ ಮಧ್ಯಾಹ್ನ ಎಲ್ಲಿಗೆ ಹೋದ, ಮನೆ ಮುಟ್ಟಿದನೇ, ಈಗ ಇದ್ದಾನೆಯೇ, ತಿಳಿದಷ್ಟು ಬರೆಯಿರಿ. ಇಲ್ಲವಾಗಿದ್ದರೆ ಅದನ್ನೂ ಬರೆಯಿರಿ. ಒಂದೇ ಬೇಡಿಕೆ: ಆರಾಮ ಅದಾನ ಅಂತಷ್ಟೇ ಬರೆದು ಕಳಿಸಬೇಡಿ.