ಬಟ್ಟಲಿಗೆ ಹಾಕಿದ ಬೆಲ್ಲ

ಕಳೆದ ಭಾನುವಾರ ಚಿತ್ರದುರ್ಗದ ನಮ್ಮ ಮನೆಯಲ್ಲಿ ಮಗಳು ಕೊರಿಯಾದ ಅಡುಗೆ ಮಾಡಿದಳು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಅನ್ನದ ಮೇಲೆ ಬಾಡಿಸಿದ ಪಾಲಕ್, ಉದ್ದುದ್ದ ಹೆಚ್ಚಿ ಹುರಿದ ಕ್ಯಾರೆಟ್, ಮೊಳಕೆ ಹೆಸರುಕಾಳು, ನಡುವೆ ಒಂದು ಮೊಟ್ಟೆ. ತೆಳ್ಳಗೆ ಕೊಯ್ದ ದನದ ಮಾಂಸವನ್ನು ಕಬ್ಬಿಣದ ಬಾಣಲೆಗೆ ಹಾಕಿ ಎಳ್ಳೆಣ್ಣೆ ಬಿಟ್ಟಾಗ ಎದ್ದ ವಾಸನೆಗೆ ನಾನು ಓದುತ್ತಿದ್ದ ಪೇಪರ್ ಮಡಚಿಟ್ಟೆ. ಹೆಚ್ಚುಕಡಿಮೆ ಅದೇ ವಾಸನೆ...

ಬಿಸಿಯೂಟ ಶುರುವಾದ ಹೊಸತರಲ್ಲಿ ನಾನು ಆದಿವಾಲದ ಆಚೆ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ. ಆ ಕೆಲಸದಿಂದಲೇ ಅವರೂ ಒಬ್ಬಳು ಮಗಳೂ ಬದುಕಬೇಕಿತ್ತು. ಒಂದು ಭಾನುವಾರ ಮಕ್ಕಳ ಗಣತಿಗೆಂದು ಕೇರಿಗೆ ಹೋದಾಗ ಅವರ ಹಿತ್ತಲ ಒಲೆಯ ವಾಸನೆಗೆ ನಿಂತುಬಿಟ್ಟೆ.

"ಏನ್ ಸಾ, ಮೂಗು ಇಲ್ಲೇ ಬಿಟ್ಟು ಹೋಗ್ತೀರೇನು? ದೊಡ್ಡ ಮಾಂಸ ಅದು. ನಿಮ್ಗಲ್ಲ."

"ಕೊಟ್ರೆ ತಿಂತೀನಕ್ಕ."

"ಕುರಿ ಕಾಯೋರ ಮನೆ ಹುಡುಗನ್ನ ಕೆಡಿಸಿದ್ಲು ಅಂತ ನನ್ನ ಬೈತಾರೆ ನೋಡ್ರಿ!"

ನಕ್ಕು ಕಳಿಸಿದರು. ಆದರೆ ಸಂಜೆ ನನ್ನ ಕೋಣೆಗೆ ಸೆರಗಿನಡಿ ಒಂದು ಬಟ್ಟಲು ಮುಚ್ಚಿಕೊಂಡು ಬಂದರು. ನೀಲಿ ಅಂಚಿನ ಪಿಂಗಾಣಿ ಬಟ್ಟಲು, ಅದರಲ್ಲಿ ಹುಚ್ಚೆಳ್ಳು ಹುರಿದು ಕುಟ್ಟಿ ಹಾಕಿದ ಮಾಂಸ. ಅವರ ಮನೆಯಲ್ಲಿ ಆ ಮಾಂಸದ ಪಾತ್ರೆಗಳೇ ಬೇರೆ. ಹಿತ್ತಲ ಗೋಡೆಯ ಗೂಡಿನಲ್ಲಿರುತ್ತಿದ್ದವು, ದೇವರಿದ್ದ ಒಳಮನೆಗೆ ಹೋಗುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು.

ಕೊಟ್ಟವರ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮೂರು ತಾಳ್ಯದಲ್ಲಿ ನಮ್ಮವ್ವ ಕಲಿಸಿದ್ದಳು. ತಿಂದು, ತೊಳೆದು, ಎರಡು ಅಚ್ಚು ಬೆಲ್ಲ ಹಾಕಿದೆ. ಆದರೆ ಅದನ್ನು ಹಿಡಿದು ಕೇರಿಗೆ ನಡೆದರೆ ನೋಡಿದವರು ಏನೆಂದಾರು... ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಶಾಲೆಯ ಅಡುಗೆ ಕೋಣೆಯ ಕಿಟಕಿಯಲ್ಲಿಟ್ಟೆ. ಅಕ್ಕ ಬಂದು ಸುಮ್ಮನೆ ಎತ್ತಿಕೊಳ್ಳುತ್ತಾರೆ ಎಂದುಕೊಂಡೆ.

ಮೊದಲು ಬಂದವಳು ಅಡುಗೆಯ ಸಹಾಯಕಿ. ಅವಳ ಹೊಲದ ದಾರಿ ಅಕ್ಕನ ಹಿತ್ತಲ ಪಕ್ಕವೇ. ಆ ಬಟ್ಟಲನ್ನು ದಿನವೂ ಕಂಡವಳು. ಹತ್ತು ಗಂಟೆಗೆ ಊರಿನವರು ಶಾಲೆಯ ಅಂಗಳದಲ್ಲಿದ್ದರು.

"ದೊಡ್ಡ ಮಾಂಸದ ಬಟ್ಲು ನಮ್ಮ ಮಕ್ಕಳ ಅನ್ನದ ಹತ್ರ ಯಾಕೈತೆ? ಯಾರು ತಂದಿಟ್ಟೋರು?" ಎಂದು ಒಬ್ಬ ಕೂಗಿದ.

ಅಕ್ಕ ಬಟ್ಟಲು ನೋಡಿದರು, ಒಳಗಿನ ಬೆಲ್ಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಮಕ್ಕಳನ್ನು ತರಗತಿಯೊಳಗೆ ಕಳಿಸತೊಡಗಿದೆ.

"ನಾನೇ ಇಟ್ಟಿದ್ದು ಕಣ್ರಪ್ಪ."

"ಬೆಲ್ಲ ಎಲ್ಲಿಂದ ಬಂತೇ? ಮಕ್ಕಳ ಪೊಂಗಲ್‌ಗೆ ತಂದಿದ್ದು ಅದು! ಮುಟ್ಟಿ ಕೆಡಿಸಿದ್ದಲ್ದೆ ಕಳ್ಳಿ ಬೇರೆ!"

ಬೆಲ್ಲ ಎಲ್ಲಿಂದ ಬಂತೆಂದು ನಾನು ಹೇಳಬಹುದಿತ್ತು.

ಊರವರು ಅಲ್ಲೇ ಸಭೆ ಸೇರಿ ಅಕ್ಕನನ್ನು ಕೆಲಸದಿಂದ ತೆಗೆಯಬೇಕೆಂದರು. ಅಕ್ಷರ ಚೆನ್ನಾಗಿದೆಯೆಂದು ಸಭೆಯ ಪುಸ್ತಕವನ್ನು ನನಗೇ ಕೊಟ್ಟರು. ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ ಎಂದು ಬರೆದೆ. ಅಕ್ಕ ಹೆಬ್ಬೆಟ್ಟು ಒತ್ತಿದರು, ಓದಿ ಹೇಳಿ ಎಂದು ಕೇಳಲಿಲ್ಲ. ಗೇಟಿನ ಹತ್ತಿರ ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು:

"ತಿಂದ ಬಾಯಿ ಅಲ್ವಾ ಸಾ... ಏನಾದ್ರೂ ಅಂತೈತೆ ಅಂದ್ಕಂಡಿದ್ದೆ."

ಮುಂದಿನ ವರ್ಷ ನಾನು ವರ್ಗ ಮಾಡಿಸಿಕೊಂಡೆ. ಅಕ್ಕ ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ ಹಳೆಯ ಶಿಷ್ಯನೊಬ್ಬನಿಂದ ತಿಳಿಯಿತು. ಅವರ ಮಗಳು ಅದೇ ಊರಲ್ಲಿದ್ದಾಳಂತೆ. ಜಗಳ ಬಂದಾಗಲೆಲ್ಲ ಈಗಲೂ ಅವಳನ್ನು ಬೆಲ್ಲದ ಕಳ್ಳಿ ಮಗಳು ಎನ್ನುತ್ತಾರಂತೆ.

ಭಾನುವಾರ ಊಟಕ್ಕೆ ಕೂತಾಗ ಇದನ್ನೆಲ್ಲ ಮೊದಲ ಸಲ ನನ್ನ ಮಗಳಿಗೆ ಹೇಳಿದೆ. ಅವಳು ಕೈಲಿದ್ದ ಚಮಚ ಕೆಳಗಿಟ್ಟಳು.

"ನಾಳೆನೇ ಹೋಗಾಣ ಅಪ್ಪಾಜಿ. ಆ ಊರೋರ ಮುಂದೆ ಹೇಳಿ ಬರಾಣ. ಆದಿವಾಲ ಏನ್ ದೂರ?"

ದೂರವಿಲ್ಲ. ಬಸ್ಸುಗಳೂ ಬೇಕಾದಷ್ಟಿವೆ. ಇವತ್ತು ಶುಕ್ರವಾರ, ನಾನು ಇನ್ನೂ ಹೊರಟಿಲ್ಲ.