ಗಿರಣಿ ಸದ್ದಿನಲ್ಲಿ ಓದಿದ ಪುರಾಣ

ಅವರ ಹುಬ್ಬಿನ ಬಣ್ಣ ನಾನು ಕಂಡದ್ದು ಒಂದೇ ಸಲ. ಉಳಿದಂತೆ ಯಾವಾಗ ನೋಡಿದರೂ ಅದರ ಮೇಲೆ ಜೋಳದ ಹಿಟ್ಟು ಕೂತಿರುತ್ತಿತ್ತು. ಕೊಟ್ಟೂರಿನ ನಮ್ಮ ಓಣಿಯ ತುದಿಗೆ ಅವರ ಹಿಟ್ಟಿನ ಗಿರಣಿ; ನಮಗೆಲ್ಲ ಅವರು ಗಿರಣಿ ಅಜ್ಜ. ಆ ಸದ್ದಿನಲ್ಲೇ ಬಾಳಿದವರಾದ್ದರಿಂದ ಅವರು ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತಿತ್ತು.

ತೊಂಬತ್ತರ ದಶಕದ ನಡುವೆ, ಮದುವೆಯಾದ ಎರಡೇ ವರ್ಷಕ್ಕೆ ಗಂಡ ನನ್ನನ್ನು ತವರಿನ ಬಾಗಿಲಿಗೆ ತಂದು ಬಿಟ್ಟ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಂಥವಳಿಗೆ ನಮ್ಮಲ್ಲಿ ‘ಗಂಡ ಬಿಟ್ಟಾಕಿ’ ಎನ್ನುತ್ತಾರೆ. ಗಂಡ ಬಿಟ್ಟನೋ, ಇವಳೇ ಗಂಡನನ್ನು ಬಿಟ್ಟಳೋ, ಆ ಮಾತಿನಲ್ಲಿ ತಿಳಿಯುವುದಿಲ್ಲ. ತಿಳಿಯುವ ಗರಜೂ ಯಾರಿಗೂ ಇರಲಿಲ್ಲ. ಜನರ ಬಾಯಿಗೆ ಹೆದರಿ ಅವ್ವ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಮದುವೆಗಿಲ್ಲ, ಸಂತೆಗಿಲ್ಲ, ಗುಡಿಗೂ ಇಲ್ಲ. ಅವಳಿಗೆ ಮೊಣಕಾಲು ನೋವು ಬಂದಿದ್ದರಿಂದ ಗಿರಣಿಗೆ ಹೋಗುವ ಕೆಲಸ ಮಾತ್ರ ನನಗೆ ಸಿಕ್ಕಿತು. ವಾರದ ಜೋಳ ಒಮ್ಮೆಗೇ ಒಯ್ಯದೆ ಒಂದೊಂದೇ ಸೇರು ಒಯ್ಯುತ್ತಿದ್ದೆ. ಅಜ್ಜನಿಗೆ ಈ ಕಳ್ಳಾಟ ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ಶ್ರಾವಣ ಬಂತೆಂದರೆ ಮಠದಲ್ಲಿ ತಿಂಗಳಿಡೀ ಪುರಾಣ. ಓದುವವರು ಗಿರಣಿ ಅಜ್ಜನೇ. ಕಣ್ಣಿಗೆ ಪೊರೆ ಬಂದ ವರ್ಷ ಆ ಜಾಗದಲ್ಲಿ ಬೇರೊಬ್ಬರು ಕೂತರು. ಅಜ್ಜನಿಗೆ ಅದರಿಂದ ಬಹಳ ನೋವಾಗಿತ್ತು. ಬಿಳಿ ವಸ್ತ್ರದಲ್ಲಿ ಸುತ್ತಿದ ತಮ್ಮ ಪುಸ್ತಕವನ್ನು ಗಿರಣಿಗೇ ತಂದು ನನ್ನ ಕೈಗೆ ಕೊಟ್ಟರು.

“ಓದವ್ವ. ನನಗ ಅಕ್ಷರ ಕಾಣವಲ್ಲವು.”

ಅವರಿಗೆ ಕೇಳಬೇಕಾದರೆ ಗಿರಣಿಗಿಂತ ಜೋರಾಗಿ ಓದಬೇಕಿತ್ತು. ಮನೆಯಲ್ಲಿ ಪಿಸುಗುಡುತ್ತಿದ್ದ ನಾನು ಅಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ನಡುವೆ ಅಳು ಬಂದರೆ ಅದೂ ಸದ್ದಿನಲ್ಲಿ ಹೋಗುತ್ತಿತ್ತು. ಪುರಾಣದಲ್ಲಿ ಅಗಸ, ಕುಂಬಾರ, ಬೇಡ, ಊರು ಹೊರಗಿಟ್ಟ ಹೆಂಗಸು ಎಲ್ಲರೂ ಬಂದು ಶಿವನ ಹತ್ತಿರ ಜಾಗ ಹಿಡಿಯುತ್ತಿದ್ದರು. ನನಗೂ ಒಂದು ಮಣೆಯಷ್ಟು ಜಾಗ ಇದ್ದೀತು ಎಂಬ ಆಸೆ ಹುಟ್ಟಿದ್ದು ಅಲ್ಲಿಯೇ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ಗಕ್ಕನೆ ನಿಂತಿತು. ನನ್ನ ಕೂಗೊಂದೇ ಉಳಿಯಿತು. ಪಾಳಿಗೆ ಕೂತಿದ್ದ ಹೆಂಗಸರಲ್ಲೊಬ್ಬಳು, ಗಂಡ ಬಿಟ್ಟಾಕಿ ಕೈಗೆ ಪುರಾಣ ಕೊಡುವುದೇ ಎಂದು ಅಜ್ಜನನ್ನು ಕೇಳಿದಳು. ನಾನು ಪುಸ್ತಕ ಮುಚ್ಚಿದೆ.

ಅಜ್ಜ ಕೈ ಕೊಡವಿದರು. “ಗಂಡ ಬಿಟ್ಟಾಕಿ ಅಂತೀರಿ. ಶಿವ ಬಿಟ್ಟಾಕಿ ಅಂತ ಈ ಪುರಾಣದಾಗ ಒಬ್ಬಾಕಿನ್ನ ತೋರಿಸ್ರಿ, ಇವತ್ತ ಗಿರಣಿ ಬಂದ್ ಮಾಡ್ತೀನಿ.” ನನ್ನ ಕಡೆ ತಿರುಗಿದರು. “ಓದವ್ವ, ಕರೆಂಟ್ ಹೋದ್ರ ಪುರಾಣ ಯಾಕ ನಿಲ್ಲಬೇಕು?”

ಓದಿದೆ. ಯಾರೂ ಎದ್ದು ಹೋಗಲಿಲ್ಲ. ಅವರ ಜೋಳ ಅರ್ಧ ಬೀಸಿತ್ತು, ಹೋಗುವುದಾದರೂ ಎಲ್ಲಿಗೆ.

ಸುದ್ದಿ ಅವ್ವನ ಕಿವಿಗೆ ಬಿತ್ತು. ಮರುದಿನದಿಂದ ಜೋಳವನ್ನು ಪಕ್ಕದ ಮನೆಯವಳು ಒಯ್ಯತೊಡಗಿದಳು. ನಾನು ಮತ್ತೆ ಅಡುಗೆಮನೆಯ ಕಿಟಕಿಗೆ ಬಂದೆ. ಗಿರಣಿಯ ಸದ್ದು ಅಲ್ಲಿಗೂ ಕೇಳುತ್ತಿತ್ತು, ಅದು ಇನ್ನೂ ಹಿಂಸೆ. ನಾಲ್ಕು ದಿನ ಕಳೆದು, ರೊಟ್ಟಿಗೆಂದು ಗಿರಣಿಯಿಂದ ಬಂದ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ತಳದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಬಿಳಿ ವಸ್ತ್ರ, ಒಳಗೆ ಪುರಾಣ. ಆ ಡಬ್ಬಿಯಲ್ಲೇ ಅಡಗಿಸಿಟ್ಟು, ಅವ್ವ ಮಲಗಿದ ಮಧ್ಯಾಹ್ನಗಳಲ್ಲಿ ತುಟಿ ಅಲ್ಲಾಡಿಸದೆ ಏಳು ವರ್ಷ ಓದಿದೆ. ಅಷ್ಟು ವರ್ಷ ನನ್ನನ್ನು ಬದುಕಿಸಿದ್ದು ಅದೇ.

ಗಿರಣಿ ಅಜ್ಜ ತೀರಿಕೊಂಡ ದಿನ ಮಠದಲ್ಲಿ ಓದುವವರು ಊರಲ್ಲಿರಲಿಲ್ಲ. ಅವ್ವ ಕುಂಟುತ್ತ ಹೋಗಿ ನೋಡಿ ಬಂದಳು. ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದಳು: “ಡಬ್ಬ್ಯಾಗಿಂದು ತಗೊಂಡು ನಡಿ. ಅಜ್ಜಗ ಓದಾಕ ಯಾರೂ ಇಲ್ಲ.”

ಅವಳಿಗೆ ಎಂದಿನಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ.

ಅಜ್ಜನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿಟ್ಟು ತೊಳೆದ ಹುಬ್ಬು ಆಗ ಕಂಡೆ, ಇನ್ನೂ ಅರ್ಧ ಕಪ್ಪಗಿತ್ತು. ಗಿರಣಿ ಬಂದ್ ಇತ್ತು. ಆದರೂ ಅದು ನಡೆಯುತ್ತಿದೆ ಎಂಬಂತೆ ಗಂಟಲೆತ್ತಿ ಓದಿದೆ. ಮೆಲ್ಲಗೆ ಓದು ಎಂದು ಅವ್ವನೂ ಹೇಳಲಿಲ್ಲ.